ಜವಾರಿ

ಅದಿರು ಒಯ್ಯಾಕ ಬಂದ ಜಪಾನಿ ಹಡಗು
ವಾಸ್ಕೋದಾಗ ನಿಂತಾಗ
ಎರಡು ಬಾಟ್ಲಿ ಫೆನ್ನಿಗೆ ಬದಲಿ ಇಸಕೊಂಡದ್ದಂತ.
ಗಾರ್ಡ್ ಎಸ್ತೇವ್
ಕೆಂಪು ಹಸರು ಬಾವುಟದಾಗ ಸುತ್ತಿ
ಲೋಂಡಾ ದಾಟಿಸಿ ಹುಬ್ಬಳ್ಳಿಗೆ ತಂದದ್ದಂತ.

ಈಗ ಮಗಳು ಲವೀನಾ
ನನ್ನ ಕೌಂಟರ್ ಮ್ಯಾಲ ಇಟ್ಲು:
ಎಲಿಅಡಿಕಿ ಡಬ್ಬಿಯಷ್ಟ ಕಬ್ಬಿಣ,
ಎರಡು ಗುಂಡಿ, ಒಂದು ನಮ್ಮ ಕಡೆ ರೇಡಿಯೋದ್ದು,
ಬೆನ್ನಿಗೆ ಮಡಚಿದ ಛತ್ರಿಯಂಥ ಅಕ್ಷರ.
"ಗಿಟಾರಿಂದು. ಕಾಲಾಗ ಒತ್ತೂದು.
ಅಪ್ಪ ಹ್ವಾದ ಮ್ಯಾಲ ಉಸರ ಇಲ್ಲ."

ಒಂದು ವೈರ್ ಕಡದಿತ್ತು, ಅಷ್ಟ. ಬೆಸಿಗಿ ಹಾಕಿ ಒತ್ತಿದರ
ಬಿರುಕು ಬಿಟ್ಟ ಕೊಡದಾಗ
ಜೇನ್ನೊಣ ಸಿಕ್ಕೊಂಡಂಗ.

ಬ್ರಾಡ್‌ವೇದಾಗ ಇಪ್ಪತ್ತೆರಡು ವರ್ಷ
ಮೈಕಿನ ಗೊರಗೊರ ತಗದ ಹೊಟ್ಟಿ ಹೊರಕೊಂಡಾಂವ ನಾನು.
ಬಿಡತೇನೇನು?
ಮೂರು ಹಳೇ ಟ್ರಾನ್ಸಿಸ್ಟರ್ ಕಿತ್ತೆ, ಹೊಸಾವ ಹಾಕಿದೆ,
ತಿಕ್ಕಿದ ತಂಬಿಗಿಯಂಥ ದನಿ ತಗದೆ.

ಲವೀನಾ ಗಿಟಾರ್ ಹಚ್ಚಿ ಒಂದ ಸಲ ಮೀಟಿದ್ಲು.
ವೈರ್ ಸುತ್ತಿದ್ಲು.
ರೊಕ್ಕ ಕೊಟ್ಲು.
ಡಬ್ಬಿ ಬಿಟ್ಟು ಹ್ವಾದ್ಲು.

ಎದರಿನ ಅಂಗಡಿ ಖಾಜೇಸಾಬ
ತಂಬೂರಿ ತೊಡಿ ಮ್ಯಾಲ ಮಲಗಿಸಿ
ತಂತಿ ಕೆಳಗಿನ ಎಳಿ ದಾರ
ಕೂದಲಷ್ಟ ಮುಂದ, ಕೂದಲಷ್ಟ ಹಿಂದ ಸರಸ್ತಿದ್ದ.
ಒಂದು ಕಡೆ ಬಂತು ನೋಡ್ರಿ, ಗುಂಯ್
ಅಂಗಡಿ ತುಂಬ.
"ಏನಂತಾರ ಇದಕ್ಕ?"
"ಜವಾರಿ."
ಜ್ವಾಳಕ್ಕ, ಕೋಳಿಗೆ, ಬಳ್ಳೊಳ್ಳಿಗೆ ನಾವು ಅನ್ನೂ ಮಾತು!
"ದಾರ ತಗದ್ರ?"
"ಸ್ವಚ್ಛ ಆಗತೈತಿ," ಅಂದ.
"ಸ್ವಚ್ಛ ಆದ ತಂಬೂರಿ ಯಾರ ಒಯ್ತಾರ, ತಮ್ಮಾ?"

ಕಸದ ಡಬ್ಬಿ ಸುರವಿದೆ.
ತವರದ ಚೂರು, ಬೀಡಿ ತುಂಡು, ಚಾದ ಕಪ್ಪು,
ಮೂರು ಕಾಲಿನ ಬೆಳ್ಳಿ ಟೊಪ್ಪಿಗಿ ಎರಡ ಸಿಕ್ವು.
ಮೂರನೇದಕ್ಕ
ಸತ್ತ ರೇಡಿಯೋ ಒಂದರ ಹೊಟ್ಟಿ ಬಗದೆ.

ವೈಶಾಖದ ಮಧ್ಯಾಹ್ನ. ಹಳೇ ಜರ್ಮೇನಿಯಂ
ಝಳಕ್ಕ ದನಿ ಬಿದ್ದು ಬರೇ ಕೆಮ್ಮತಿತ್ತು.
ನೀರಿನ ಹರವಿ ಮಗ್ಗಲ ಇಟ್ಟು
ಅದರ ಜ್ವರ ಇಳಿಯೂತನಕ
ಗಿರಾಕಿ ಬಿಟ್ಟು ಕುಂತೆ.

ಸಂಜಿ ಏಳಕ್ಕ ಲವೀನಾ ಬಂದು
ಚಪ್ಪಲ ಕಳದು ಬರಿಗಾಲಲೆ ಒತ್ತಿದ್ಲು.
ರ‍್ಯಾಕಿನಾಗಿನ ಸ್ಕ್ರೂ ಡಬ್ಬಿ ಎಲ್ಲಾ ನಡಗಿದ್ವು.
ಖಾಜೇಸಾಬ ತಲಿ ಎತ್ತಿ, ಕಿವಿ ಈ ಕಡೆ ಮಾಡಿದ.
ಆಕಿ
ಭಾಳ ಹೊತ್ತು ಕಾಲ ತಗೀಲಿಲ್ಲ.

ಬಿಲ್ಲಿನಾಗ 'ರಿಪೇರಿ' ಅಂತ ಬರದೆ, ಹೊಡದು ಹಾಕಿದೆ.
ಸುಧಾರಿಸಿದ್ದಕ್ಕ ತಗೊಂಡಿದ್ದ ನೂರಾ ಎಂಬತ್ತು ವಾಪಸ್.
ಮೊದಲಿನಂಗ ಕೆಡಿಸಿದ್ದಕ್ಕ
ಇಪ್ಪತ್ತು ರೂಪಾಯಿ.