ಅರವತ್ತೆರಡು ಪರ್ಸೆಂಟ್

ರುಸ್ತಾವಿಯ ಕಾರುಸಂತೆಯ ಹಿಂದೆ, ಮೂರನೇ ಶೆಡ್ಡು.
ಹೊರಗೆ ಪೋತಿ ಬಂದರಿನಿಂದ ಬಂದ ಜಖಂ ಕಾರುಗಳು
ಒಂದರ ಬೆನ್ನಿಗೊಂದು, ಮೂತಿ ಒಡೆದುಕೊಂಡು.
ಒಳಗೆ ತ್ಸಿಯಾಲಾ
ಕಾರುಗಳ ನೆನಪು ಓದುವ ಡಬ್ಬಿಯನ್ನೇ
ಬೋರಲು ಮಲಗಿಸಿ ನಾಲ್ಕು ಸ್ಕ್ರೂ ಬಿಚ್ಚಿದ್ದಾಳೆ.

ವೈದ್ಯನಿಗೇ ಜ್ವರ, ಎಂದೆ. ನಗಲಿಲ್ಲ.
"ಲೈಟು ಇತ್ತ ಹಿಡಿ, ಬಾಯಿ ಅತ್ತ."

ಹಸಿರು ಬೋರ್ಡು. ಅಸಲಿಯಲ್ಲ,
ಅಸಲಿಯ ನಕಲಿನ ನಕಲು;
ಒಂದು ಮೂಲೆಯಲ್ಲಿ ಬೆಸುಗೆ ಜೊಲ್ಲು ಸುರಿಸಿದೆ,
ರೆಸಿಸ್ಟರ್ ಇರಬೇಕಾದಲ್ಲಿ ಬರೀ ಎರಡು ಬೆಳ್ಳಿ ಚುಕ್ಕೆ.
ಹೊಸ ಮಾಡೆಲ್ಲಿನ ಕಾರುಗಳ ಮಾತು ಇದಕ್ಕೆ ತಿಳಿಯದು.
ಕಲಿಸಬೇಕು, ಮೊದಲು ಕಲಿತದ್ದೆಲ್ಲ ಮರೆಸಿ.

ಚಿಮಟದ ಎರಡು ತುದಿ ಎರಡು ಪಿನ್ನುಗಳ ಮೇಲೆ.
ಎಪ್ಪತ್ತರ ಕೈ. ಸೋವಿಯತ್ ಕಾಲದ ರೇಡಿಯೋ ಕಾರ್ಖಾನೆಯಲ್ಲಿ
ದಿನಕ್ಕೆ ನಾನೂರು ಬೆಸುಗೆ ಹಾಕಿದ್ದು.
ಈಗ ಟೀ ಲೋಟ ಹಿಡಿದರೆ ತುಳುಕುತ್ತದೆ,
ಪಿನ್ನು ಹಿಡಿದರೆ ಇಲ್ಲ.

ಕರೆಂಟನ್ನು ನಂಬುವಂತಿಲ್ಲ;
ಯಾರದೋ ಒಪೆಲ್‌ನ ಬ್ಯಾಟರಿ ಕಿತ್ತು ಜೋಡಿಸಿದ್ದೇವೆ.
ಎಂಟರ್ ಒತ್ತಿದೆ.
ಹಣೆಬರಹ ಅಳಿಸಲಾಗದು ಅಂತಾರೆ. ಮೂರು ಸೆಕೆಂಡು.
ಆಮೇಲೆ ಬರೆಯತೊಡಗಿತು: ಸೊನ್ನೆ, ನಾಲ್ಕು, ಹನ್ನೊಂದು…
ಅರವತ್ತೆರಡಕ್ಕೆ ಬಂದು ನಿಂತಿತು.

ಹಳೆಯದು ಹೋಗಿದೆ, ಹೊಸದು ಪೂರ್ತಿ ಬಂದಿಲ್ಲ.
ಈಗ ಅದು ಡಬ್ಬಿಯೂ ಅಲ್ಲ.
ಪಕ್ಕದ ಶೆಡ್ಡಿನ ನೋದಾರಿ ಗ್ರೈಂಡರ್ ಹಚ್ಚಿದ.
"ಆರಿಸೋ" ಎಂದು ಕೂಗುವ ಧೈರ್ಯ ಬರಲಿಲ್ಲ ನನಗೆ,
ಕೂಗಿಗೆ ಅವಳ ಕೈ ಅಲುಗೀತೆಂದು.
ಅರವತ್ತೆರಡು.
ಅರವತ್ತೆರಡು.
ಅವಳ ಮೂಗಿನ ತುದಿಗೆ ಇಳಿದ ಒಂದು ಹನಿ ಬೆವರು
ಕೆಳಗಿನ ಬೋರ್ಡನ್ನೇ ನೋಡುತ್ತ ತೂಗುತ್ತಿತ್ತು.
ಅರವತ್ತಮೂರು.

ಮುಗಿದಾಗ ಹಸಿರು ದೀಪ ಒಮ್ಮೆ ಮಿಟುಕಿತು, ಅಷ್ಟೇ.

ಕಾದಿದ್ದ ಬೂದು ಕಾರಿನ ಏರ್‌ಬ್ಯಾಗ್ ಪೆಟ್ಟಿಗೆಗೆ ತಂತಿ ಕೊಟ್ಟೆವು.
ನಿನ್ನೆ ತುಟಿ ಬಿಚ್ಚದ್ದು ಇವತ್ತು ಎಲ್ಲ ಒಪ್ಪಿಸಿತು:
ಗಂಟೆಗೆ ಎಪ್ಪತ್ತೊಂದು ಮೈಲಿ.
ಬ್ರೇಕು: ಒತ್ತಿಲ್ಲ.
ಚಾಲಕನ ಬೆಲ್ಟು: ಹಾಕಿದೆ.
ಪಕ್ಕದ ಸೀಟು: ಭರ್ತಿ. ಬೆಲ್ಟು: ಇಲ್ಲ.

ಇದನ್ನು ಅಳಿಸಲೆಂದೇ ಗಿರಾಕಿ ದುಡ್ಡು ಕೊಟ್ಟಿರುವುದು.
ಅಳಿಸುತ್ತೇವೆ. ರೊಟ್ಟಿಯ ಪ್ರಶ್ನೆ.
ಆದರೆ ಗುಂಡಿ ಒತ್ತುವ ಮುನ್ನ ತ್ಸಿಯಾಲಾ
ಕನ್ನಡಕ ಏರಿಸಿ, ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಒತ್ತಿ,
ಎಣ್ಣೆಗಲೆಯ ನೋಟುಪುಸ್ತಕದಲ್ಲಿ
ಆ ನಾಲ್ಕು ಸಾಲು ಬರೆದುಕೊಂಡಳು, ತಾರೀಖು ಹಾಕಿ.
ಹಿಂದಿನ ಹಾಳೆಗಳೂ ತುಂಬಿದ್ದವು.

ಯಾಕೆ, ಎಂದೆ.
"ಬ್ಯಾಟರಿ ಒಪೆಲ್‌ಗೆ ವಾಪಸು ಹಾಕು," ಎಂದಳು,
"ಸಂಜೆ ಅವನು ಬರ್ತಾನೆ."