ತಿಂಗಳಿಗೆ ಮೂರು ಸಲ

ಕುಷ್ಟಗಿ ದಾಟಿ ತಾವರಗೇರಾ ರಸ್ತೆಗೆ
ನನ್ನ ತಗಡಿನ ಶೆಡ್ಡು. ಒಳಗೊಂದು ಚಾಸಿ,
ಹೊಟ್ಟಿ ಖಾಲಿ.
ಅದರ ಮುಂದ ಹಲಗಿ ಮ್ಯಾಲ ಎರಡು ಎಂಜಿನ್ನು,
ಪಂಚಾಯ್ತಿಗೆ ಕರೆಸಿದ ಅಣ್ಣತಮ್ಮರಂಗ
ಒಬ್ಬರ ಮುಖ ಒಬ್ಬರು ನೋಡವಲ್ಲರು.

ಒಂದು ಡೀಸೆಲ್ಲು, ಒಂದು ಪೆಟ್ರೋಲು.
ಗುಜರಿ ರಾಜಾಸಾಬ ಹೇಳಿ ಹೋಗ್ಯಾನ:
ಶುಕ್ರವಾರದೊಳಗ ಒಂದಿಟ್ಕೋ, ಒಂದು ವಾಪಸ್ ಕೊಡು,
ಎರಡೂ ಬೇಕಂದ್ರ ನನ್ನ ಅಳಿಯ ಆಗು.

ನಂದೇನು ದೊಡ್ಡ ಧಂದೆ ಅಲ್ಲ.
ಹೊಟ್ಟಿ ತುಂಬಸೂದು ಪಂಕ್ಚರ್ ಅಂಗಡಿನ.
ಎಳಿಯೋ ಗಾಡಿ ಬೇಕಾಗೂದು ತಿಂಗಳಿಗೆ ಮೂರು ಸಲ,
ಹೆಚ್ಚಂದ್ರ ನಾಕು:
ದಾಳಿಂಬ್ರಿ ಕ್ರೇಟು ಹೊತ್ತ ಟೆಂಪೊ ಕ್ಲಚ್ ಸುಟ್ಕೊಂಡಾಗ,
ಗ್ರಾನೈಟ್ ಲಾರಿಗೆ ದಾರಿ ಬಿಡಾಕ ಹೋಗಿ
ಕಾರು ಎರಿಹೊಲಕ್ಕ ಇಳದಾಗ.
ಒಮ್ಮೆ ಒಳಗ ಮದುಮಗ ಇದ್ದ.
ಬಾಡಿಗಿ ಟ್ರ್ಯಾಕ್ಟರ್ ತಂದು ಕಟ್ಟಿ
ಹಾರ ಬಾಡೂದ್ರೊಳಗ ಮುಟ್ಟಿಸಿದ್ದೆ.
ಬಂದ ರೊಕ್ಕ ಟ್ರ್ಯಾಕ್ಟರಿನವ ಒಯ್ದ.

"ಎಳಿಯಾಕ ಡೀಸೆಲ್ಲ ಸೈ" ಅಂತಾನ ಫಕೀರಪ್ಪ.
"ಕ್ಲಚ್ ಮೆಲ್ಲಕ ಬಿಡು, ಸುಮ್ಮನ ಹೆಗಲು ಕೊಡತೈತಿ.
ಕೆಸರಾಗಿಂದ ಬೇರು ಸಮೇತ ಕಿತ್ತಂಗ ಬರತೈತಿ ಗಾಡಿ."
ಖರೆ. ಇಪ್ಪತ್ತು ವರ್ಷ ಬೋರ್‌ವೆಲ್ ಲಾರಿ ಮ್ಯಾಲ ಇದ್ದಾಂವ
ಸುಳ್ಳು ಹೇಳಂಗಿಲ್ಲ.
ಆದ್ರ ಅವನ ಎಂಜಿನ್ನು ದಿನಾ ಓಡತಿತ್ತು.
ನಂದರ ಕೆಲಸ ಓಡೂದಲ್ಲ, ಕಾಯೂದು.
ಹದಿನೈದು ದಿನ ನಿಂತ ಹಳೇ ಡೀಸೆಲ್ಲು
ಬ್ಯಾಟ್ರಿ ಸೊರಗಿ, ಪೈಪಿನ್ಯಾಗ ಗಾಳಿ ಹೊಕ್ಕು,
ನಸುಕಿನ್ಯಾಗ ನಾಕಕ್ಕ ಪಂಪ್ ಒತ್ತಿ ಒತ್ತಿ
ಹೆಬ್ಬಟ್ಟಿಗೆ ಬೊಬ್ಬಿ ಬರೂದ್ರಾಗ
ಅತ್ತಾಗ ರೋಡಿಗೆ ನಿಂತಾಂವ
ಇನ್ನೊಬ್ಬರಿಗೆ ಫೋನ್ ಹಚ್ಚಿರತಾನ.

ಪೆಟ್ರೋಲಿಂದು ಬ್ಯಾರೆ ಚಟ.
ಕೀಲಿ ತಿರುವಿದ್ರ ಎದ್ದು ನಿಂದ್ರತೈತಿ.
ಪ್ಲಗ್ ಹೋದ್ರ ಊರಾಗ ಸಿಗತಾವ,
ಗಂಗಾವತಿ ಪಂಪ್ ಮಿಸ್ತ್ರಿ ಕಾಲು ಹಿಡಿಯೂದು ತಪ್ಪತೈತಿ.
ಆದ್ರ ಹಿಂದ ಭಾರ ಕಟ್ಟಿ ನೋಡು:
ಕೂಗತೈತಿ, ಕುಡಿತೈತಿ, ಮೀಟರಿನ ಮುಳ್ಳು
ಜಾರಬಂಡಿ ಸಿಕ್ಕ ಹುಡುಗನಂಗ ಕೆಳಗ.

ತೊಟ್ಟಿ ಮಗ್ಗಲ ಗ್ವಾಡಿಗೆ ಸೀಮೆಸುಣ್ಣ ಹಿಡಿದು ಲೆಕ್ಕ ಬರದೆ.
ತಿಂಗಳಿಗೆ ಅರವತ್ತು ಕಿಲೋಮೀಟರು.
ಎರಡಕ್ಕೂ ನಡುವ ಫರಕು
ಒಂದು ಕೋಳಿ, ಮ್ಯಾಲೊಂದೀಟು ಮಸಾಲಿ.
ಇಷ್ಟಕ್ಕ ಎಂಟು ದಿನ ನಿದ್ದಿಗೆಟ್ಟೆನಾ?

ಬುತ್ತಿ ತಂದ ಹುಲಿಗೆಮ್ಮ ಗ್ವಾಡಿ ಓದಿದ್ಲು.
"ಮೂರು ದಿನದ್ದಷ್ಟ ಬರದೀಯಲ್ಲ,
ಉಳದ ಇಪ್ಪತ್ತೇಳು ಎಲ್ಲಿ?"
ಅಂದು, ಡಬ್ಬಿ ತೊಳಿಯಾಕ ಹೋದ್ಲು.

ಪೆಟ್ರೋಲ್ ಕುಂದ್ರಿಸಿದೆ.

ಮೊದಲ ಫೋನು ಬಂದದ್ದು ಕ್ಯಾದಿಗುಪ್ಪಿ ಕಡಿಂದ, ಸರಿರಾತ್ರಿ.
ಪಿಕಪ್ಪು, ಒಳಗ ಇಪ್ಪತ್ತೆರಡು ಕುರಿ, ಅಮೀನಗಡ ಸಂತಿಗೆ.
ಒಂದ ಕೀಲಿಗೆ ಎದ್ದೆವು, ನಾನೂ ಎಂಜಿನ್ನೂ.
ಹತ್ತು ನಿಮಿಷಕ್ಕ ಹಗ್ಗ ಕಟ್ಟಿದ್ದೆ.
ಏರು ಬಂತು.
ಎರಡನೇ ಗೇರಿಗೆ ನಡಗಿತು, ಒಂದನೇ ಗೇರಿಗೆ ಚೀರಿತು,
ಆಮ್ಯಾಲ ನಿಂತ ಬಿಡ್ತು.
ಚಕ್ರಕ್ಕ ಕಲ್ಲು ಕೊಟ್ಟು, ಕುರಿ ಇಳಿಸಿದ್ವಿ.
ಹಗುರಾದ ಪಿಕಪ್ಪು ಮುಂದ, ಕುರಿ ಹಿಂದ,
ಕುರಿ ಹಿಂದ ದ್ಯಾಮಣ್ಣ, ಕೈಯಾಗ ಚಪ್ಪಲಿ.
ನನ್ನ ಕನ್ನಡಿ ತುಂಬ ಹೊಳೆಯೋ ಕಣ್ಣು,
ನಾಕ ನಾಕು, ಎಂಟ ಎಂಟು.

ದಿಬ್ಬದ ಮ್ಯಾಲ ಬೀಡಿ ಹಚ್ಚಿ ಅಂದ:
"ಡೀಸೆಲ್ ಹಾಕಬೇಕಿತ್ತು ನೀ."
"ಹಾಕಿದ್ರ ಇಷ್ಟೊತ್ತಿಗೆ ನಾ ಇನ್ನೂ ಶೆಡ್ಡಿನ್ಯಾಗ."
ನಗಲಿಲ್ಲ ಅಂವ. ಕುರಿ ಎಣಿಸಾಕ ಹತ್ತಿದ.
ಇಪ್ಪತ್ತೊಂದು ಬಂತು. ಮತ್ತ ಎಣಿಸಿದ.

ಶುಕ್ರವಾರ ಹೋಗಿ ಮತ್ತೊಂದು ಶುಕ್ರವಾರ ಬಂತು.
ರಾಜಾಸಾಬನ ಸುಳಿವಿಲ್ಲ.
ಡೀಸೆಲ್ಲು ಹಲಗಿ ಮ್ಯಾಲನ ಐತಿ, ಗೋಣಿಚೀಲ ಹೊದ್ದು.
ಹೋಗ್ತಾ ಬರ್ತಾ ಅದರ ಪಂಪ್ ಒಮ್ಮೆ ಒತ್ತತೀನಿ,
ಯಾಕಂತ ಹುಲಿಗೆಮ್ಮ ಕೇಳಿಲ್ಲ ಇನ್ನ.