ಬಾಕಿ ಚಿಲ್ಲರೆ

ಶಾಲಿ ಡೈರಿಯೊಳಗ ಕೆಂಪು ಶಾಯಿ:
ಗಮನ ಇಲ್ಲ. ಕುಂತಲ್ಲಿ ಕೂಡಂಗಿಲ್ಲ.
ಕೆಳಗ ನನ್ನ ಸಹಿ, ಹನ್ನೊಂದು ಸಲ,
ಡ್ಯೂಟಿಗಿ ಹೋಗೋ ಅವಸರದಾಗ ಹಾಕಿದ್ದು,
ಒಂದರಂಗ ಒಂದಿಲ್ಲ.

ದವಾಖಾನಿ ಡಾಕ್ಟರ್ ಬಾಯಿ
ನಾಲ್ಕು ಇಂಗ್ಲಿಷ್ ಅಕ್ಷರ ಬರೆದು ಕೊಟ್ಟು
"ಮೈ ದಣಿಯೋದು ಏನಾರ ಹಚ್ರಿ" ಅಂದ್ರು.
ನಮ್ಮತ್ತಿ ಅಷ್ಟೂರ ದರ್ಗಾದ ದಾರ,
ಪಾಪನಾಶದ ವಿಭೂತಿ ತಂದಳು.
ದಾರಕ್ಕ ಗಂಟು ಬೀಳೋದರಾಗ
ವೈಜ್ಯಾ ಕಾಂಪೌಂಡ್ ಮ್ಯಾಲಿದ್ದ.

ನೌಬಾದದಾಗ, ಗ್ಯಾಸ್ ಗೋದಾಮಿನ ಹಿಂದ,
ಘಾಳೆಪ್ಪ ಸರ್ ಕರಾಟೆ ಹೇಳಿಕೊಡ್ತಾರ.
ಹಗಲೆಲ್ಲ ಸುಟ್ಟ ಮೋಟಾರಿಗಿ ತಾಮ್ರದ ತಂತಿ ಸುತ್ತೋ ಕೈ;
ವಾರ್ನಿಶ್ ವಾಸನಿ ಸಂಜಿಗೂ ಬಿಡಂಗಿಲ್ಲ.
ತಿಂಗಳಿಗಿ ಮುನ್ನೂರು. ಡ್ರೆಸ್ಸಿಗಿ ಬ್ಯಾರೆ.
ಬೀದರಿನ ಕೆಂಪು ಮಣ್ಣಿಗಿ ಬಿಳಿ ಬಟ್ಟಿ,
ಯಾವ ಶಾಣ್ಯಾ ಹುಡುಕಿದ್ನೋ!
ಮೊದಲ ವಾರಕ್ಕೇ ಮಳಕಾಲು ಎರಡೂ ಇಟ್ಟಂಗಿ ಬಣ್ಣ.
ನೀಲಿ ಹಾಕಿ ತಿಕ್ಕಿದೆ, ನಿಂಬಿಹಣ್ಣು ತಿಕ್ಕಿದೆ,
ಆಮ್ಯಾಲ ಬಿಟ್ಟೆ.

ಇಚ್, ನಿ, ಸಾನ್ —
ಇಪ್ಪತ್ತು ಮಕ್ಕಳ ಮುಷ್ಟಿ ಒಮ್ಮೆಲೆ ಮುಂದ.
ಶಿ ಅನ್ನೋದರಾಗ ಮ್ಯಾಲ ವಿಮಾನ.
ನಮ್ಮೂರಾಗ ಅವು ಕಾಗಿಗಿಂತ ಹೆಚ್ಚು,
ಕಲಿಯೋ ಹುಡುಗರು ಹಾರಿಸೋವು,
ತಪ್ಪಿದ್ದಕ್ಕ ತಿರುಗಿ ತಿರುಗಿ ಅದೇ ಸುತ್ತು.
ಹತ್ತೊಂಬತ್ತು ಮುಷ್ಟಿ ಐದಕ್ಕ ಹೋದವು.
ನನ್ನ ಮಗಂದು
ಆಕಾಶದ ಕಡಿಗಿ ಬಿಚ್ಚಿಕೊಂಡಿತು.

ಬೈತಾರ ಅಂದುಕೊಂಡೆ. ನಾನಾಗಿದ್ರ ಬೈತಿದ್ದೆ.
ಸರ್ ಅವನ ಮಗ್ಗಲ ಬಂದು ನಿಂತು
ತಾವೂ ಮ್ಯಾಲ ನೋಡಿದ್ರು.
"ನೋಡು. ಪೂರಾ ನೋಡು.
ಬಾಲ ಕಾಣೋದು ಬಂದಾದ ಮ್ಯಾಲ ಹೇಳು."
ಸಪ್ಪಳ ಹುಮನಾಬಾದ ಕಡಿಗಿ ಸರೀತು.
"ಹೋಯ್ತ್ರಿ."
"ಹೌದಾ? ಹಂಗಾರ ನಾಲ್ಕು."
ಶಿ, ಅಂದ ವೈಜ್ಯಾ. ಗುದ್ದಿದ.
ಗಾಳಿಗಿ ಹತ್ತಿತು ಅನ್ನಿಸಿತು ನನಗ.

ಎಲ್ಲಾ ದಿನ ಹಿಂಗ ಅಂತ ತಿಳೀಬ್ಯಾಡ್ರಿ ಮತ್ತ.
ಒಂದಿನ ಬೆಲ್ಟ್ ಬಿಚ್ಚಿ ನಾಯಿಗಿ ಕಟ್ಟಿ
ಗಲ್ಲಿ ತುಂಬ ಓಡಿಸಿದ.
ಒಂದಿನ ಮೀನಳ್ಳಿಯವರ ಹುಡುಗಿಗಿ ಒದ್ದು
ಹಲ್ಲು ಅಲುಗಿಸಿದ; ಅವರ ಮನಿಗಿ ಹೋಗಿ
ಚಹಾ ಕುಡೀದೇ ಬೈಗಳ ತಿಂದು ಬಂದೆ.
ಹಳದಿ ಬೆಲ್ಟಿನ ಪರೀಕ್ಷಾದಾಗ ಅರ್ಧಕ್ಕ ನಿಂತು
ಗೋಡಿ ಮ್ಯಾಲಿನ ಹಲ್ಲಿ ಎಣಿಸಿದ.
ಫೇಲ್.
ಸರ್ ಸಮಾಧಾನ ಹೇಳಲಿಲ್ಲ,
ಫೀಸೂ ವಾಪಸ್ ಕೊಡಲಿಲ್ಲ.
"ನಾಳಿ ಐದೂವರಿಗಿ" ಅಂದ್ರು, ಅಷ್ಟೇ.

ರವಿವಾರ ನನ್ನ ಬಸ್ಸಿನಾಗ ಬರ್ತಾನ.
ಬೀದರದಿಂದ ಹುಮನಾಬಾದ, ನಿಂತವರೇ ಅರವತ್ತು.
ಕಂಬಿ ಹಿಡಿ ಅಂದ್ರ ಹಿಡಿಯಂಗಿಲ್ಲ.
ಕಾಲು ಅಗಲಿಸಿ, ಮಳಕಾಲು ಬಗ್ಗಿಸಿ,
ಕುದುರಿ ಏರಿದಂಗ ನಿಂದ್ರತಾನ,
ಹಳ್ಳಿಖೇಡದ ಹಂಪಿನ ಮ್ಯಾಲೂ.
ಮಂದಿ ನಗ್ತಾರ. ನಗಲಿ.

ನನ್ನ ಕಣ್ಣು ಎಂಟೂ ಕಡಿ:
ಬಾಗಲಾ, ಗಂಟು, ಆಧಾರ್ ಕಾರ್ಡು,
ಹಿಂದಿನ ಸೀಟಿನವನ ಕಳ್ಳ ನಿದ್ದಿ.
ಹದಿನಾಲ್ಕು ವರ್ಷ ಒಂದರ ಮ್ಯಾಲ ಗಮನ ಇಟ್ಟಿದ್ರ
ನೌಕರಿ ಹೋಗ್ತಿತ್ತು.
ಡಿಪೋದಾಗ ಇದಕ್ಕ ಹುಷಾರಿ ಅಂತಾರ.
ಇವನಿಗಿ ಎಲ್ಲಿಂದ ಬಂತು ಅಂತ
ಇಷ್ಟು ದಿನ ಯಾರ್ಯಾರನ್ನೋ ಕೇಳಿದ್ದೆ.

"ಅವ್ವಾ, ಆ ಗುಲಾಬಿ ಪಟಕಾದ ಮುತ್ಯಾ ಇಳದ್ನು.
ನೀ ಹದಿಮೂರು ರೂಪಾಯಿ ಕೊಡೋದದ."

ಟಿಕೇಟಿನ ಹಿಂದ ನಾನೇ ಬರೆದಿದ್ದೆ, ನಾನೇ ಮರೆತಿದ್ದೆ.
ಎರಡು ಸೀಟಿ ಊದಿ ಆಗಿತ್ತು, ಗಾಡಿ ಹೊಂಟಿತ್ತು.
ಮತ್ತೊಂದು ಊದಿದೆ.
ಬ್ರೇಕಿಗಿ ಬಸ್ಸಿಗಿ ಬಸ್ಸೇ ಮುಂದ ಬಾಗಿತು,
ಯಾರದೋ ಬುಟ್ಟಿಯ ಬದನಿಕಾಯಿ ಕಾಲಾಗ ಉರುಳಿದವು.

ಒಬ್ಬ ಬಾಗಲಿಲ್ಲ.
ಕಿಡಕಿ ಹೊರಗ
ಎಮ್ಮಿ ನೋಡ್ಲಾಕತ್ತಿದ್ದ.